ಅಡ್ಡಮಳಿ ಮೋಡ: ಆಣೆಕಲ್ಲು ಬೀಳತೈತೋ, ಬರೀ ನೀರೋ, ಮೊದಲೇ ತಿಳಿಯೋದು ಹೆಂಗ?

ಕೆಲಗೇರಿ ತೋಟ:
ಧಾರವಾಡದ ಸುತ್ತ ಆಪೂಸ್ ಕಾಯಿ ಬಲಿಯೋ ಹೊತ್ತಿಗೇ ಅಡ್ಡಮಳಿ ಶುರುವಾಗ್ತಾವ. ಮುನ್ಸೂಚನೆಯೊಳಗ "ಗುಡುಗು ಸಹಿತ ಮಳೆ" ಅಂತ ಇಷ್ಟೇ ಇರತೈತಿ. ಆಣೆಕಲ್ಲು ಬೀಳತೈತೋ, ಮಳಿಯಷ್ಟೇನೋ, ಗಾಳಿ ಬೀಸಿ ಹೋಗತೈತೋ ಅಂತ ಅಂದಾಜು ಮಾಡಾಕ ಏನ್ ನೋಡಬೇಕ್ರಿ? ಕಾಯಿ ಹರಿಯೋದು ಅದರ ಮ್ಯಾಲೆ ನಿಂತೈತಿ.

ಮುಗಿಲು ಗದಗ:
ಸೊನ್ನೆ ಡಿಗ್ರಿ ಮಟ್ಟ (ಗಾಳಿಯ ಉಷ್ಣಾಂಶ ಸೊನ್ನೆಗೆ ಇಳಿಯುವ ಎತ್ತರ) ಒಂದನ್ನೇ ನೋಡಿದ್ರ ಉತ್ತರ ಸಿಗೋದಿಲ್ರಿ. ಏಪ್ರಿಲ್, ಮೇ ತಿಂಗಳಲ್ಲಿ ಅದು ನಮ್ಮ ಮೇಲೆ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 4.8ರಿಂದ 5 ಕಿ.ಮೀ. ಎತ್ತರದಲ್ಲೇ ಇರುತ್ತದೆ. ಧಾರವಾಡ ಸುಮಾರು 700 ಮೀ. ಎತ್ತರದ ಊರು. ಅಂದರೆ ಕಲ್ಲು 4 ಕಿ.ಮೀ. ಬೆಚ್ಚನೆ ಗಾಳಿ ದಾಟಿ ಬರಬೇಕು. ಕಡಲೆಕಾಳಿನಷ್ಟಿದ್ದದ್ದು ದಾರಿಯಲ್ಲೇ ಕರಗಿ ದಪ್ಪ ಹನಿಯಾಗುತ್ತದೆ.

ವಿಂಡಿ (ಹವಾಮಾನ ತೋರಿಸುವ ಆ್ಯಪ್, ತಾಣ) ತೆಗೆದು ನಿಮ್ಮ ಊರಿನ ಮೇಲೆ ಒತ್ತಿ, ಮಧ್ಯಾಹ್ನ 2:30ರ ಸೌಂಡಿಂಗ್ (ಎತ್ತರಕ್ಕೆ ತಕ್ಕಂತೆ ಗಾಳಿಯ ಉಷ್ಣಾಂಶ, ತೇವ ತೋರಿಸುವ ನಕ್ಷೆ) ತೆಗೀರಿ. 700 ಮತ್ತು 500 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ; ಸುಮಾರು 3 ಮತ್ತು 6 ಕಿ.ಮೀ. ಎತ್ತರ) ಮಟ್ಟಗಳ ಉಷ್ಣಾಂಶ ಕಳೆಯಿರಿ. ವ್ಯತ್ಯಾಸ 18 ಡಿಗ್ರಿ ದಾಟಿದರೆ ಮೇಲೆ ತಂಪು ಹೆಚ್ಚಿದೆ, ಮೋಡ ಜೋರಾಗಿ ಮೇಲೇಳುತ್ತದೆ. ಕೇಪ್ (ಮೋಡವನ್ನು ಮೇಲೆತ್ತಲು ಗಾಳಿಯಲ್ಲಿರುವ ಶಕ್ತಿಯ ಅಳತೆ) 2000ದ ಆಸುಪಾಸು ಇದ್ದರೆ ಇನ್ನೂ ಎಚ್ಚರ. ಆದರೆ ಕೇಪ್ ಎಷ್ಟೇ ಇರಲಿ, ಮುಚ್ಚಳದಂತೆ ತಡೆಯುವ ಕೆಳಗಿನ ಬಿಸಿ ಪದರ ಒಡೆಯದಿದ್ದರೆ ಮೋಡವೇ ಕಟ್ಟೋದಿಲ್ಲ. ಹಲವರು ಎಡವೋದು ಇಲ್ಲೇ.

ನಡುವಿನ ಪದರ ಒಣಗಿದ್ದರೆ ಕಲ್ಲಿನ ಮೈ ನೀರು ಆವಿಯಾಗುತ್ತ ಅದನ್ನು ತಂಪಾಗಿ ಇಡುತ್ತದೆ, ಕರಗೋದು ನಿಧಾನ. ಅದಕ್ಕೇ ವೆಟ್ ಬಲ್ಬ್ (ನೀರು ಆವಿಯಾಗಿ ಗಾಳಿ ತಂಪಾದಾಗ ಮುಟ್ಟುವ ಉಷ್ಣಾಂಶ) ಸೊನ್ನೆಗೆ ಇಳಿಯುವ ಎತ್ತರ ನೋಡಬೇಕು; ಅದು 4 ಕಿ.ಮೀ. ಹತ್ತಿರ ಬಂದರೆ ಕಲ್ಲು ನೆಲ ಮುಟ್ಟುವ ಸಾಧ್ಯತೆ ಹೆಚ್ಚು. ಜುಲೈನಲ್ಲಿ ಆಣೆಕಲ್ಲು ಅಪರೂಪ ಯಾಕಂದ್ರ ಆಗ ಗಾಳಿ ಪೂರ್ತಿ ತೇವ, ಮೇಲೇಳುವ ವೇಗವೂ ಸಾಲದು.

ಹುಬ್ಳಿ ಹವಾ:
ಸೌಂಡಿಂಗ್ ಮಾದರಿಯ ಲೆಕ್ಕ ಅಷ್ಟೇ. ಮೋಡ ಎದ್ದ ಮೇಲೆ ಗೋವಾ ರಾಡಾರ್ ತೆಗೀರಿ, ಹವಾಮಾನ ಇಲಾಖೆಯ ತಾಣದಲ್ಲಿದೆ. ಮ್ಯಾಕ್ಸ್ ಝೆಡ್ (ಪ್ರತಿ ಜಾಗದ ಮೇಲಿನ ಅತಿ ಬಲವಾದ ಪ್ರತಿಫಲನ ತೋರಿಸುವ) ಚಿತ್ರದ ಮೇಲಂಚು, ಬಲ ಅಂಚಿನ ಪಟ್ಟಿ ಎತ್ತರ ತೋರಿಸುತ್ತವೆ. 45 ಡಿಬಿಝೆಡ್ (ರಾಡಾರಿಗೆ ಮರಳುವ ಅಲೆಯ ಬಲದ ಅಳತೆ) ಬಣ್ಣ 6.3 ಕಿ.ಮೀ. ದಾಟಿದರೆ (ಸೊನ್ನೆ ಮಟ್ಟಕ್ಕಿಂತ 1.4 ಕಿ.ಮೀ. ಮೇಲೆ) ಕಲ್ಲಿನ ಸಾಧ್ಯತೆ ಶುರು. 50ರ ಬಣ್ಣ 8 ಕಿ.ಮೀ. ಮುಟ್ಟಿದರೆ ಬಹುತೇಕ ಖಚಿತ ಅಂತಲೇ ತಿಳೀರಿ. ಅದೇ ಬಣ್ಣ 5 ಕಿ.ಮೀ. ಕೆಳಗೇ ಉಳಿದರೆ ಮಳೆ. ನಡುವೆ ಘಟ್ಟ ಇರೋದರಿಂದ ತಳದ ಭಾಗ ಸರಿಯಾಗಿ ಕಾಣೋದಿಲ್ಲ, ಮೇಲಿನದನ್ನೇ ನಂಬಿರಿ. ಮಿಂಚು ಎಲ್ಲಿ ಹೊಡೆಯುತ್ತಿದೆ ಅಂತ ತೋರಿಸುವ ದಾಮಿನಿ ಆ್ಯಪಿನಲ್ಲಿ ಮಿಂಚು ಒಮ್ಮೆಲೇ ಹೆಚ್ಚಾದರೆ ಅದೂ ಮೋಡ ಬಲಗೊಳ್ಳುವ ಲಕ್ಷಣ.

ಮುಗಿಲು ಗದಗ:
ಗಾಳಿಯ ಪ್ರಶ್ನೆ ಉಳೀತು. ನೆಲಮಟ್ಟದ ಉಷ್ಣಾಂಶದಿಂದ ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶ) ಕಳೆದು 125ರಿಂದ ಗುಣಿಸಿ. ನೆಲದಿಂದ ಮೋಡದ ತಳದ ಎತ್ತರ ಮೀಟರಿನಲ್ಲಿ ಸಿಗುತ್ತದೆ. ಗದಗಿನ ಕಡೆ 38 ಮತ್ತು 14 ಇದ್ದರೆ 3000 ಮೀ. ಅಷ್ಟು ಮೇಲಿನ ಮೋಡದಿಂದ ಬಿದ್ದ ಹನಿ ಆರಿಹೋಗಿ ಧೂಳುಗಾಳಿ ನುಗ್ಗೋದೇ ಹೆಚ್ಚು. ಧಾರವಾಡದಲ್ಲಿ 35 ಮತ್ತು 20 ಇದ್ದರೆ 1875 ಮೀ., ಆಗ ಮಳೆ, ಕಲ್ಲು ಎರಡಕ್ಕೂ ದಾರಿ.

ಕೆಲಗೇರಿ ತೋಟ:
ಮುಂಜಾನೆ ಈ ಲಕ್ಷಣ ಕಂಡ್ರ ಕಾಯಿ ಎಲ್ಲಾ ಹರಿದು ಬಿಡೋದೇನ್ರಿ?

ಹುಬ್ಳಿ ಹವಾ:
ಬ್ಯಾಡ್ರಿ. ಆಣೆಕಲ್ಲು ಕಿರಿದಾದ ಪಟ್ಟಿಯಲ್ಲಿ ಬೀಳತೈತಿ, ಪಕ್ಕದ ಊರಿಗೆ ಹನಿಯೂ ಇರೋದಿಲ್ಲ. ತೊಟ್ಟಿನ ಸುತ್ತ ಹೆಗಲು ಎದ್ದು ಬಲಿತವನ್ನಷ್ಟೇ, ತೊಟ್ಟು ಉಳಿಸಿ, ಮಧ್ಯಾಹ್ನದೊಳಗ ಇಳಿಸಿರಿ. ತೊಟ್ಟು ಮುರಿದರೆ ಸೊನೆ ಹರಿದು ಸಿಪ್ಪೆ ಕಪ್ಪಾಗತೈತಿ. ಎಳೆಕಾಯಿ ಹರಿದರ ಹಣ್ಣಾಗದೇ ಸುಕ್ಕತಾವ, ಅದು ಖಾತ್ರಿ ನಷ್ಟ. ಗುಡುಗು ಕೇಳಿಸಿದ ಮ್ಯಾಲೆ ಮಾತ್ರ ಯಾರನ್ನೂ ಗಿಡದ ಮ್ಯಾಲೆ ಬಿಡಬ್ಯಾಡ್ರಿ.