ಜೀನ್ ‘ಅಭಿವ್ಯಕ್ತಿ’, ಚರ್ಮದ ‘ದಾನಿ’: ಬೇರೆ ಮಾತು ಇದೆಯೇ?

ಎಲ್ಲರಿಗೂ ನಮಸ್ಕಾರ.

ಸಾಕಣೆಯ ಮುತ್ತಿನ ಸಿಂಪಿಗಳ ಮೇಲಿನ ಸಂಶೋಧನೆಯನ್ನು ಪರಿಚಯಿಸುವ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರ ಕೊನೆಯ ಭಾಗ ಮನುಷ್ಯರ ಚರ್ಮದ ಕಸಿಯ ಕಡೆಗೆ ಹೊರಳುತ್ತದೆ. ಓದುವವರು ಹೆಚ್ಚಾಗಿ ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯ ಬೆಳೆಗಾರರು. ಅವರಿಗೆ ಕಡಲು ದೂರ, ಆದರೆ ಕಸಿ ಎಂದರೇನು ಎಂದು ಹೇಳಿಕೊಡುವ ಅಗತ್ಯವಿಲ್ಲ. ಬರಹದ ಎರಡು ಕಡೆ ಕೆಲಸ ನಿಂತಿದೆ, ನಿಮ್ಮ ನೆರವು ಬೇಕು.

ಮೊದಲನೆಯದು ‘ಜೀನ್ ಅಭಿವ್ಯಕ್ತಿ’. ವಂಶವಾಹಿ ಎನ್ನಬೇಕೇ, ಜೀನ್ ಎನ್ನಬೇಕೇ ಎಂಬ ಹಳೆಯ ಜಗಳವನ್ನು ಈಗ ಎತ್ತುವುದಿಲ್ಲ, ಎರಡೂ ನಡೆಯುತ್ತವೆ. ತೊಡಕಿರುವುದು ಅಭಿವ್ಯಕ್ತಿಯಲ್ಲಿ.

ವಿಷಯ ಇಷ್ಟು. ಮುತ್ತಿನ ಸಾಕಣೆಯಲ್ಲಿ ಒಂದು ಸಿಂಪಿಯನ್ನು ಕೊಂದು, ಅದರ ಮೈಯನ್ನು ಹೊದೆದಿರುವ ತೆಳುಪದರದಿಂದ 2–3 ಮಿಲಿಮೀಟರ್ ಅಗಲದ ಚೂರು ಕತ್ತರಿಸುತ್ತಾರೆ. ಇನ್ನೊಂದು ಸಿಂಪಿಯ ಬಾಯಿ ಸ್ವಲ್ಪವೇ ತೆರೆಸಿ, ಬೀಜಾಂಗದಲ್ಲಿ ಸಣ್ಣ ಗಾಯ ಮಾಡಿ, ಸಿಹಿನೀರಿನ ಚಿಪ್ಪಿನಿಂದ ಉಜ್ಜಿ ಮಾಡಿದ ಗುಂಡನ್ನೂ ಆ ಚೂರನ್ನೂ ಒಂದಕ್ಕೊಂದು ತಾಗುವಂತೆ ಒಳಗಿಡುತ್ತಾರೆ. ಚೂರಿನ ಹೊರಮೈ ಕೋಶಗಳು ಬೆಳೆದು ಗುಂಡನ್ನು ಚೀಲದಂತೆ ಸುತ್ತಿಕೊಳ್ಳುತ್ತವೆ. ಹೊಳಪಿನ ಪದರಗಳನ್ನು ಸುರಿಸುವುದು ಆ ಚೀಲವೇ. ನಮ್ಮ ದೇಶದಲ್ಲಿ ಇದನ್ನು ಮೊದಲು ಸಾಧಿಸಿದ್ದು 1973ರಲ್ಲಿ, ತೂತ್ತುಕುಡಿಯಲ್ಲಿ, ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು.

ಚೂರು ಕತ್ತರಿಸುವಾಗ ಹೊದಿಕೆಯ ಅಂಚನ್ನು ಬಿಸಾಡುತ್ತಾರೆ, ಒಳಭಾಗವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಅಂಚಿನ ಕೋಶಗಳು ಕಟ್ಟುವುದು ಚಿಪ್ಪಿನ ಹೊರಗಿನ ಒರಟು ಪದರವನ್ನು, ಒಳಭಾಗದವು ಕಟ್ಟುವುದು ಹೊಳೆಯುವ ಪದರವನ್ನು. ಎರಡೂ ಕಡೆಯ ಕೋಶಗಳಲ್ಲಿ ಇರುವ ಡಿಎನ್‌ಎ ಒಂದೇ. ಆದರೆ ಅಂಚಿನಲ್ಲಿ ಆಸ್ಪೀನ್ ಎಂಬ ಜೀನ್‌ನಿಂದ, ಪ್ರೋಟೀನ್ ಕಟ್ಟಲು ಬೇಕಾಗುವ ಆರ್‌ಎನ್‌ಎ ಪ್ರತಿಗಳು ಹೇರಳವಾಗಿ ಹೊರಡುತ್ತವೆ, ಒಳಭಾಗದಲ್ಲಿ ಎಂಎಸ್‌ಐ60 ಎಂಬುದರಿಂದ. ಜೀನ್‌ನಿಂದ ಹೀಗೆ ಪ್ರತಿಗಳು ಹೊರಡುವುದನ್ನೇ ‘ಜೀನ್ ಅಭಿವ್ಯಕ್ತಿ’ ಎನ್ನುವುದು. ಈ ಪ್ರತಿಗಳನ್ನು ಅಳೆಯುವುದೇ ಈ ಸಂಶೋಧನೆಯ ದಿನನಿತ್ಯದ ಕೆಲಸ. ಸೀಗಡಿಗೆ ಬಿಳಿಚುಕ್ಕೆ ವೈರಸ್ ತಗುಲಿದಾಗ, ಸಾಲ್ಮನ್ ಮೀನಿನ ಚರ್ಮಕ್ಕೆ ಹೇನು ಕಚ್ಚಿದಾಗ ಏನಾಯಿತು ಎಂದು ತಿಳಿಯಲೂ ಇದನ್ನೇ ಅಳೆಯುತ್ತಾರೆ.

ಈಗ ‘ಆಸ್ಪೀನ್ ಅಂಚಿನಲ್ಲಿ ಅಭಿವ್ಯಕ್ತಗೊಳ್ಳುತ್ತದೆ’ ಎಂದು ಬರೆದು ಓದಿ ನೋಡಿ. ಅಭಿವ್ಯಕ್ತಿ ಎಂದೊಡನೆ ಕನ್ನಡಿಗನಿಗೆ ನೆನಪಾಗುವುದು ಸಂವಿಧಾನದ ಅಭಿವ್ಯಕ್ತಿ ಸ್ವಾತಂತ್ರ್ಯ, ಇಲ್ಲವೇ ಭರತನಾಟ್ಯದ ಭಾವಾಭಿವ್ಯಕ್ತಿ. ಒಳಗೆ ಯಾರೋ ಕುಳಿತು ಏನನ್ನೋ ಹೇಳಲು ತವಕಿಸುತ್ತಿದ್ದಾರೆ ಎಂಬ ಛಾಯೆ ಅದಕ್ಕಿದೆ. ಜೀನ್‌ಗೆ ಹೇಳುವುದೇನೂ ಇಲ್ಲ.

‘ಪ್ರಕಟವಾಗು’ ಎಂದು ಪತ್ರಿಕೆಗಳು ಬಳಸುವುದುಂಟು. ಅದರಲ್ಲಿ ಅಪಾಯ ಹೆಚ್ಚು. ಪ್ರೌಢಶಾಲೆಯಲ್ಲಿ ಮೆಂಡಲನ ಬಟಾಣಿ ಪಾಠ ಓದಿದವರಿಗೆ ‘ಪ್ರಬಲ ಗುಣ ಪ್ರಕಟವಾಗುತ್ತದೆ’ ಎಂಬ ಮಾತು ಮನಸ್ಸಿನಲ್ಲಿ ಕೂತಿರುತ್ತದೆ. ಅಲ್ಲಿ ಪ್ರಕಟವಾಗುವುದು ಕಣ್ಣಿಗೆ ಕಾಣುವ ಗುಣ. ಇಲ್ಲಿ ಆಗುತ್ತಿರುವುದು ಕೋಶದೊಳಗೆ, ಕಣ್ಣಿಗೆ ಏನೂ ಕಾಣದೆಯೂ ಇರಬಹುದು. ‘ಚಾಲೂ ಆಗು’ ಸರಳ, ಆದರೆ ಅದಕ್ಕೆ ಹೌದು–ಇಲ್ಲ ಎರಡೇ ಗೊತ್ತು. ಮೂರು ಪಟ್ಟು ಚಾಲೂ ಎನ್ನಲಾಗುವುದಿಲ್ಲ. ‘ನಕಲು’ ಅರ್ಥಕ್ಕೆ ತೀರಾ ಹತ್ತಿರ, ಆದರೆ ಪರೀಕ್ಷಾ ಕೊಠಡಿಯ ವಾಸನೆ ಬಿಡದು. ‘ದುಡಿಮೆ’ ನನಗೆ ಇಷ್ಟವಾಗಿತ್ತು. ಕೆಲಸ ಮಾಡುವುದು ಪ್ರೋಟೀನ್, ಜೀನ್ ಅಲ್ಲ ಎಂದು ಜೀವಶಾಸ್ತ್ರ ಕಲಿಸುವ ಗೆಳತಿ ಅದನ್ನು ಹೊಡೆದುಹಾಕಿದರು. ನ್ಯಾಯವೇ.

ಸದ್ಯಕ್ಕೆ ನನ್ನ ಒಲವು ‘ಬಳಕೆ’ಯ ಕಡೆಗೆ. ಈ ಜೀನ್ ಅಂಚಿನಲ್ಲಿ ಬಳಕೆಯಲ್ಲಿದೆ, ಒಳಭಾಗದಲ್ಲಿ ಬಳಕೆ ತಪ್ಪಿದೆ; ಸೋಂಕು ತಗುಲಿದ ಮೇಲೆ ಬಳಕೆ ಮೂರು ಪಟ್ಟು ಏರಿತು. ಏರಿಳಿತ, ಇದೆ–ಇಲ್ಲ ಎರಡಕ್ಕೂ ಒಗ್ಗುತ್ತದೆ, ಬಳಸುವುದು ಕೋಶ ಎಂಬುದೂ ತಾನಾಗಿ ಹೊಳೆಯುತ್ತದೆ. ಒಂದೇ ಅಂಜಿಕೆ: ‘ಜೀನ್ ಬಳಕೆ’ ಎಂಬ ತಲೆಬರಹ ಕಂಡವರು ಮನುಷ್ಯರು ಜೀನ್ ಬಳಸಿ ಕುಲಾಂತರಿ ಬೆಳೆ ಮಾಡುವುದು ಎಂದುಕೊಂಡಾರು. ಅಂದಹಾಗೆ, ಎಲ್ಲ ಕೋಶಗಳಲ್ಲೂ ಸದಾ ಬೇಕಾಗುವ, ಅಳತೆಗೆ ಆಧಾರವಾಗಿ ಇಟ್ಟುಕೊಳ್ಳುವ ಆಕ್ಟಿನ್‌ನಂಥ ಜೀನ್‌ಗಳನ್ನು ‘ಮನೆವಾರ್ತೆ ಜೀನ್’ ಎಂದು ಕರೆದಿದ್ದೇನೆ. ಅದನ್ನು ಯಾರು ಬೇಡವೆಂದರೂ ಬಿಟ್ಟುಕೊಡುವುದಿಲ್ಲ.

ಈ ಮಾತು ನಮ್ಮ ಓದುಗರಿಗೆ ಯಾಕೆ ಮುಖ್ಯ ಎಂದರೆ, ಅವರಿಗೆ ಇದರ ಫಲ ತೋಟದಲ್ಲೇ ಗೊತ್ತು. ಕಾಳುಮೆಣಸಿನ ಬುಡದ ಹಂಬಿನಿಂದ ಕಡ್ಡಿ ತೆಗೆದು ನೆಟ್ಟರೆ ಅದು ಹಾಲುವಾಣವನ್ನೋ ಸಿಲ್ವರ್ ಓಕನ್ನೋ ಹಿಡಿದು ಮೇಲೇರುತ್ತದೆ. ಅದೇ ಬಳ್ಳಿಯ ಫಲ ಬಿಡುವ ಅಡ್ಡರೆಂಬೆಯನ್ನು ತೆಗೆದು ಬೇರು ಬರಿಸಿದರೆ, ಇಲ್ಲವೇ ಹಿಪ್ಪಲಿಯ ಬುಡಕ್ಕೆ ಕಸಿ ಕಟ್ಟಿದರೆ, ಅದು ಪೊದೆಯಾಗಿಯೇ ಉಳಿಯುತ್ತದೆ. ಕುಂಡದಲ್ಲಿಟ್ಟು ಮೆಣಸು ಕೊಯ್ಯಬಹುದು, ಮರ ಹತ್ತಿಸಲಾಗದು. ಜೀನ್‌ಗಳು ಅವೇ, ತೆಗೆದ ಜಾಗದ ಚಾಳಿ ಬಿಡಲಿಲ್ಲ. ಸಿಂಪಿಯಲ್ಲೂ ಹೀಗೆಯೇ. ಕಪ್ಪುತುಟಿಯ ಮತ್ತು ಬಿಳಿತುಟಿಯ ಸಿಂಪಿಗಳ ನಡುವೆ ಚೂರು ಅದಲುಬದಲು ಮಾಡಿ ನೋಡಿದಾಗ, ಮುತ್ತಿನ ಚೀಲದಲ್ಲಿ ಪದರ ಕಟ್ಟುವ ಜೀನ್‌ಗಳು ಚೂರು ಕೊಟ್ಟ ಸಿಂಪಿಯವೇ ಆಗಿದ್ದವು. ಮುತ್ತಿನ ಬಣ್ಣವೂ ಬಹುಮಟ್ಟಿಗೆ ಅದರದೇ.

ಎರಡನೆಯ ತೊಡಕು ಆಸ್ಪತ್ರೆಯದು. ನನ್ನ ಚಿಕ್ಕಪ್ಪನವರ ಮುಂಗೈ ಹಂಡೆಯ ಬಿಸಿನೀರಿನಿಂದ ಸುಟ್ಟು, ತೊಡೆಯ ಚರ್ಮ ತೆಗೆದು ಹಾಕಬೇಕಾಯಿತು. ಸಹಿಗೆ ಕೊಟ್ಟ ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು: ‘ದಾನಿ ಸ್ಥಳದಲ್ಲಿ ಎರಡು ವಾರಗಳ ಕಾಲ ನೋವು ಇರಬಹುದು.’ ಚಿಕ್ಕಪ್ಪ ಕನ್ನಡಕ ತೆಗೆದು, ‘ದಾನಿ ಯಾರು? ಅವರ ನೋವಿಗೆ ನಾನು ಯಾಕೆ ಸಹಿ ಹಾಕಬೇಕು?’ ಎಂದು ಕೇಳಿದರು. ತನ್ನ ತೊಡೆಯಿಂದ ತನ್ನ ಕೈಗೆ ಕೊಟ್ಟಿದ್ದನ್ನು ದಾನ ಎನ್ನುವವರು ಯಾರಿದ್ದಾರೆ? ‘ಚರ್ಮ ತೆಗೆದ ಜಾಗ’ ಎಂದರೆ ಮುಗಿಯಿತು. ಸಿಂಪಿಗೂ ದಾನಿ ಪಟ್ಟ ಒಗ್ಗುವುದಿಲ್ಲ, ಅದನ್ನು ಕೊಂದೇ ತೆಗೆಯುವುದು. ನಾನು ‘ಚೂರು ಕೊಟ್ಟ ಸಿಂಪಿ’, ‘ಹೊತ್ತ ಸಿಂಪಿ’ ಎಂದಿದ್ದೇನೆ.

ಅದೇ ಪತ್ರದ ಇನ್ನೊಂದು ಸಾಲು: ‘ದೇಹವು ಕಸಿಯನ್ನು ತಿರಸ್ಕರಿಸಬಹುದು.’ ಇದು ಭಾಷೆಯ ತಪ್ಪಲ್ಲ, ವಿಷಯದ ತಪ್ಪು. ತಿರಸ್ಕಾರ ಎಂಬುದು ಪರರ ಚರ್ಮ ಹಾಕಿದಾಗ ರೋಗನಿರೋಧಕ ವ್ಯವಸ್ಥೆ ಮಾಡುವ ಕೆಲಸ. ಅದನ್ನು ತೋರಿಸಿಕೊಟ್ಟ ಪೀಟರ್ ಮೆಡಾವರ್ 1960ರ ನೊಬೆಲ್ ಹಂಚಿಕೊಂಡರು. ತನ್ನದೇ ಚರ್ಮವನ್ನು ಮೈ ತಿರಸ್ಕರಿಸುವುದಿಲ್ಲ. ಅಡಿಯಲ್ಲಿ ರಕ್ತವೋ ನೀರೋ ತುಂಬಿಕೊಂಡರೆ, ಪಟ್ಟಿಯ ಕೆಳಗೆ ಚರ್ಮ ಜಾರಿದರೆ, ಕೀವಾದರೆ ಅದು ಹಿಡಿಯುವುದಿಲ್ಲ, ಅಷ್ಟೆ. ಮೊದಲ ಒಂದೆರಡು ದಿನ ಅದು ಗಾಯದ ರಸವನ್ನು ಹೀರಿ ಬದುಕಿರುತ್ತದೆ, ಆಮೇಲೆ ಕೆಳಗಿನ ರಕ್ತನಾಳಗಳು ಬಂದು ಕೂಡುತ್ತವೆ. ಅಷ್ಟರವರೆಗೆ ಅಲುಗಾಡದಂತೆ ಬಿಗಿಯಾಗಿ ಕಟ್ಟಿರಬೇಕು. ಐದನೆಯ ದಿನ ಪಟ್ಟಿ ಬಿಚ್ಚಿದ ನರ್ಸ್ ಹೇಳಿದ್ದು ‘ಕಸಿ ಹಿಡಿದಿದೆ’ ಎಂದು. ಬಿಡುಗಡೆ ಚೀಟಿಯಲ್ಲಿ ಬರೆದದ್ದು ‘ಕಸಿ ಸ್ವೀಕೃತವಾಗಿದೆ’ ಎಂದು. ವಾರ್ಡಿನಲ್ಲಿ ಬದುಕಿರುವ ಮಾತು ಕಾಗದಕ್ಕೆ ಬರುವಷ್ಟರಲ್ಲಿ ಯಾಕೆ ಸಾಯುತ್ತದೋ.

ಸಿಂಪಿ ಕೆಲವೊಮ್ಮೆ ಗುಂಡನ್ನು ಹೊರಕ್ಕೆ ನೂಕಿಬಿಡುತ್ತದೆ. ಇದಕ್ಕೂ ತಿರಸ್ಕಾರ ಎಂದೇ ಬರೆದ ಅನುವಾದಗಳಿವೆ. ಮೂರೂ ಬೇರೆ ಬೇರೆ ಸಂಗತಿಗಳು: ಹಿಡಿಯದಿರುವುದು, ತಿರಸ್ಕರಿಸುವುದು, ಹೊರನೂಕುವುದು. ಕನ್ನಡದಲ್ಲಿ ಬೇರೆ ಬೇರೆ ಮಾತುಗಳಿರುವಾಗ ಒಂದೇ ಗೋಣಿಗೆ ತುಂಬುವ ಹಟ ಬೇಡ.

ಕೂದಲ ಕಸಿಯ ವಿಷಯ ಒಂದೇ ಸಾಲಿನಲ್ಲಿ: ತಲೆಯ ಹಿಂಭಾಗದ ಕೂದಲನ್ನು ಬೋಳಾದ ನೆತ್ತಿಗೆ ತಂದು ನೆಟ್ಟರೂ ಅದು ಉದುರದು ಎಂದು ನಾರ್ಮನ್ ಓರೆಂಟ್ರೈಕ್ 1959ರಲ್ಲಿ ಬರೆದರು. ಅವರು ಅದಕ್ಕಿಟ್ಟ ಹೆಸರನ್ನು ‘ದಾನಿ ಪ್ರಾಬಲ್ಯ’ ಎಂದು ಅನುವಾದಿಸಿದರೆ ಚುನಾವಣಾ ವರದಿಯಂತೆ ಕೇಳಿಸುತ್ತದೆ. ‘ತೆಗೆದ ಜಾಗದ ಗುಣ’ ಸಾಕಲ್ಲವೇ?

ಕೊಡವ ತಕ್ಕ್, ಅರೆಭಾಷೆ ಬಲ್ಲವರು ಕಸಿ ಹಿಡಿಯುವುದಕ್ಕೆ ನಿಮ್ಮ ಮನೆಗಳಲ್ಲಿ ಬೇರೆ ಮಾತು ಇದ್ದರೆ ತಿಳಿಸಿ. ಕುಮಟಾ, ಕಾರವಾರದ ಕಡೆಯವರು ಸಿಂಪಿಯ ಮೈಹೊದಿಕೆಗೆ ಹೆಸರಿದ್ದರೆ ಹೇಳಿ. ನಾನು ಬರೀ ‘ಹೊದಿಕೆ’ ಎಂದು ಬರೆದಿದ್ದೇನೆ. ಜೀನ್ ವಿಷಯಕ್ಕೆ ಮಾತ್ರ, ದಯವಿಟ್ಟು ಪದವೊಂದನ್ನೇ ಕಳುಹಿಸಬೇಡಿ. ಈ ಸಾಲಿನ ಬಿಟ್ಟಸ್ಥಳ ತುಂಬಿ, ಗಟ್ಟಿಯಾಗಿ ಓದಿ, ಆಮೇಲೆ ಕಳುಹಿಸಿ: ‘ಹೊದಿಕೆಯ ಅಂಚಿನಲ್ಲಿ ಆಸ್ಪೀನ್ ಜೀನ್‌ನ ______ ಒಳಭಾಗದಲ್ಲಿರುವುದಕ್ಕಿಂತ ಬಹಳ ಹೆಚ್ಚು.’