ಸುರಂಗದ ಮೇಲೆ ಒಂದು ಕಲಾಕೃತಿ ಮಾಡಿದರೆ ಅದರಿಂದ ಎಂತ ಹೊಸದು ಗೊತ್ತಾಗುತ್ತದೆ?

ಬೆಳ್ಳೂರಿನವಳು:

ನಮಸ್ಕಾರ. ನಾನು ಕಾಸರಗೋಡಿನ ಒಳಗಿನ ಒಂದು ಊರಿನವಳು. ಫೈನ್ ಆರ್ಟ್ಸ್ ಕೊನೆಯ ವರ್ಷ. ಪ್ರಾಜೆಕ್ಟಿಗೆ ನಮ್ಮ ತೋಟದ ಸುರಂಗವನ್ನೇ ಆರಿಸಿಕೊಂಡಿದ್ದೇನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ ಇದು ರೈಲಿನ ಸುರಂಗ ಅಲ್ಲ. ಗುಡ್ಡದ ಮುರಕಲ್ಲಿನ ಒಳಗೆ ಅಡ್ಡಕ್ಕೆ ತೋಡಿಕೊಂಡು ಹೋದದ್ದು, ಒಬ್ಬ ಮನುಷ್ಯ ನಡೆಯುವಷ್ಟೇ ಅಗಲ. ಹೊರಗಿನ ಕಡೆಗೆ ಸ್ವಲ್ಪ ಇಳಿಜಾರು ಇರುತ್ತದೆ, ಹಾಗಾಗಿ ಒಳಗೆ ಒಸರಿದ ನೀರು ತಾನಾಗಿಯೇ ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ.

ನನ್ನ ಪ್ಲ್ಯಾನ್ ಏನೆಂದರೆ ಕಾಲೇಜಿನ ಗ್ಯಾಲರಿಯಲ್ಲಿ ಬಿದಿರು ಮತ್ತು ಕಪ್ಪು ಬಟ್ಟೆಯಲ್ಲಿ ಇಪ್ಪತ್ತು ಅಡಿಯ ಕತ್ತಲೆ ದಾರಿ, ಕೊನೆಯಲ್ಲಿ ಸ್ಪೀಕರಿನಿಂದ ನೀರು ತೊಟ್ಟಿಕ್ಕುವ ಸದ್ದು. ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಅಂದದ್ದು, "ನೀರು ಬರುವ ಸುರಂಗ ಇಲ್ಲಿ ಉಂಟು, ಅದನ್ನು ನೋಡುವವರಿಲ್ಲ. ನೀರು ಬಾರದ ಸುರಂಗಕ್ಕೆ ಮಾರ್ಕು ಕೊಡುತ್ತಾರಾ?"

ನನ್ನ ಗೈಡ್ ಬೇರೆ, ಏಷ್ಯಾದ ಸಮಾಜಗಳಲ್ಲಿ ಈಗಿನ ಕಲೆಗೂ ಜ್ಞಾನಕ್ಕೂ ಹೊಸತನಕ್ಕೂ ಏನು ಸಂಬಂಧ ಅಂತ ನಾಲ್ಕು ಪುಟ ಬರೆದು ಕೊಡಬೇಕು ಅಂದಿದ್ದಾರೆ. ಬರೆಯಲು ಕೂತರೆ ದೊಡ್ಡಪ್ಪನ ಮಾತೇ ಕಿವಿಯಲ್ಲಿ. ಕಲೆಯಿಂದ ನಿಜಕ್ಕೂ ಏನಾದರೂ ಹೊಸದು ಗೊತ್ತಾಗುತ್ತದಾ? ಅಥವಾ ಬೇರೆಯವರಿಗೆ ಮೊದಲೇ ಗೊತ್ತಿದ್ದದ್ದನ್ನು ನಾವು ಚಂದ ಮಾಡಿ ತೋರಿಸುವುದು, ಅಷ್ಟೇನಾ?

ಪೆರ್ಲ ಟು ಬೆಂಗಳೂರು:

ನಾನು ಎಲೆಕ್ಟ್ರಾನಿಕ್ಸ್ ಮನುಷ್ಯ, ಕಲೆಯ ಬಗ್ಗೆ ಜಾಸ್ತಿ ಗೊತ್ತಿಲ್ಲ. ಆದರೆ ಒಬ್ಬರ ಹೆಸರು ಹೇಳಲೇಬೇಕು, ಕೊರಿಯಾದ ನಾಮ್ ಜೂನ್ ಪೈಕ್.

ಚಿಕ್ಕವನಿದ್ದಾಗ ಹಾಳಾದ ಸ್ಪೀಕರಿನ ಅಯಸ್ಕಾಂತ ತೆಗೆದು ಮನೆಯ ಕಲರ್ ಟಿವಿಯ ಪರದೆಗೆ ಹಿಡಿದಿದ್ದೆ. ಬಣ್ಣವೆಲ್ಲ ಎಳೆದ ಹಾಗಾಯಿತು. ಅಯಸ್ಕಾಂತ ತೆಗೆದ ಮೇಲೂ ಮೂಲೆಯಲ್ಲಿ ಒಂದು ನೇರಳೆ ಮಚ್ಚೆ ಉಳಿಯಿತು, ಅಪ್ಪ ಬಂದು ಬೆನ್ನಿಗೆ ಕೊಟ್ಟರು. ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಪೈಕ್ 1965ರಲ್ಲೇ ಟಿವಿ ಮೇಲೆ ದೊಡ್ಡ ಅಯಸ್ಕಾಂತ ಇಟ್ಟು ಅದನ್ನೇ ಕಲಾಕೃತಿ ಅಂದಿದ್ದರು! ನನಗೆ ಪೆಟ್ಟು, ಅವರಿಗೆ ಮ್ಯೂಸಿಯಂ.

ತಮಾಷೆ ಇರಲಿ. ಅವರು ಅಲ್ಲಿಗೇ ನಿಲ್ಲಲಿಲ್ಲ. ಜಪಾನಿನ ಎಂಜಿನಿಯರ್ ಶುಯಾ ಅಬೆ ಜೊತೆ ಕೂತು 1970ರ ಹೊತ್ತಿಗೆ ವಿಡಿಯೊದ ಬಣ್ಣ, ಆಕಾರವನ್ನೆಲ್ಲ ಬೇಕಾದ ಹಾಗೆ ಕದಡುವ ಒಂದು ಯಂತ್ರವನ್ನೇ ಮಾಡಿದರು. ಟಿವಿ ಕಂಪನಿಗೆ ಬೇಕಾಗಿದ್ದದ್ದು ಸ್ವಚ್ಛ ಚಿತ್ರ. ಚಿತ್ರ ಕೆಟ್ಟರೆ ಏನಾಗುತ್ತದೆ ಅಂತ ಬೇಕೆಂದೇ ನೋಡುವ ಕೆಲಸ ಅವರಿಗೆ ಯಾಕೆ? 1974ರಲ್ಲಿ ಬರೆದ ಒಂದು ವರದಿಯಲ್ಲಿ ಪೈಕ್ 'ಎಲೆಕ್ಟ್ರಾನಿಕ್ ಸೂಪರ್ ಹೈವೇ' ಅನ್ನುವ ಮಾತು ಬಳಸಿದ್ದಾರೆ, ಹೆಚ್ಚುಕಡಿಮೆ ಈಗಿನ ಇಂಟರ್ನೆಟ್ಟಿನಂಥದ್ದು. ಆಗ ನಮ್ಮ ಪೆರ್ಲದಲ್ಲಿ ಫೋನು ಇದ್ದ ಮನೆ ಬೆರಳೆಣಿಕೆಯಷ್ಟು ಇದ್ದೀತು.

ನನ್ನ ಪ್ರಕಾರ ಉತ್ತರ ಹೌದು. ಆದರೆ ಅಬೆಯಂಥ ಒಬ್ಬರು ಪಕ್ಕದಲ್ಲಿ ಇರಬೇಕು. ಪೈಕ್ ಒಬ್ಬರೇ ಆಗಿದ್ದರೆ ಅಯಸ್ಕಾಂತದ ಹತ್ತಿರವೇ ನಿಲ್ಲುತ್ತಿದ್ದರೋ ಏನೋ.

ಕುಂಬಳೆ ಮೇಷ್ಟ್ರು:

ಮಗೂ, ನಾನು ಮೂವತ್ತು ವರ್ಷ ಗಣಿತ ಕಲಿಸಿ ರಿಟೈರ್ ಆದವನು. ಕೊಚ್ಚಿ ಬಿನಾಲೆಗೆ, ಅಂದರೆ ಅಲ್ಲಿ ನಡೆಯುವ ಈಗಿನ ಕಲೆಯ ದೊಡ್ಡ ಪ್ರದರ್ಶನಕ್ಕೆ, ಎರಡು ಸಲ ಹೋಗಿದ್ದೇನೆ, 2012ರ ಮೊದಲನೆಯದಕ್ಕೆ ಮತ್ತು 2014ರದ್ದಕ್ಕೆ.

ಮೊದಲ ಸಲ ನೋಡಿದ್ದರಲ್ಲಿ ಕಲಾವಿದ ವಿವಾನ್ ಸುಂದರಂ ಅವರ ಒಂದು ಕೆಲಸ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೇರಳದ ಪಟ್ಟಣಂ ಅನ್ನುವಲ್ಲಿ ಉತ್ಖನನ ಮಾಡುವಾಗ ಸಿಕ್ಕಿದ ಮಡಕೆ ಚೂರುಗಳಲ್ಲಿ ಸಂಶೋಧಕರಿಗೆ ಬೇಡವಾದದ್ದು ರಾಶಿ ರಾಶಿ ಇತ್ತಂತೆ. ಅದನ್ನೇ ಜೋಡಿಸಿ ಒಂದು ಊರು ಕಟ್ಟಿದ್ದರು. ಹಳೆಯ ಮುಜಿರಿಸ್ ಬಂದರು ಅದೇ ಪಟ್ಟಣಂ ಇರಬಹುದು ಅನ್ನುತ್ತಾರೆ. ಲೆಕ್ಕಕ್ಕೆ ಬಾರದ ಚೂರು ಅಂತ ಬದಿಗಿಟ್ಟದ್ದನ್ನು ಇನ್ನೊಬ್ಬ ಎತ್ತಿಕೊಂಡು, ಇದು ಹೇಳುವುದೂ ಸ್ವಲ್ಪ ಉಂಟು, ಕೇಳಿ ಅಂದ ಹಾಗೆ.

2014ರದ್ದು ಕಲಾವಿದ ಜಿತೀಶ್ ಕಲ್ಲಾಟ್ ರೂಪಿಸಿದ್ದು. ಅವರು ಹಿಡಿದ ಎರಡು ಎಳೆಗಳಲ್ಲಿ ಒಂದು ಕಡಲ ದಾರಿ, ಇನ್ನೊಂದು ಕೇರಳದ ಹಳೆಯ ಗಣಿತ ಮತ್ತು ಖಗೋಳ ಪರಂಪರೆ. ಸಂಗಮಗ್ರಾಮದ ಮಾಧವ 14ನೇ ಶತಮಾನದವನು. ಒಂದರಿಂದ ಮೂರನೇ ಒಂದು ಕಳೆದು, ಐದನೇ ಒಂದು ಕೂಡಿಸಿ, ಏಳನೇ ಒಂದು ಕಳೆದು, ಹೀಗೆ ಹೋಗುತ್ತಾ ಇದ್ದರೆ ಪೈಯ ಕಾಲು ಭಾಗಕ್ಕೆ ಹತ್ತಿರ ಬರುತ್ತದಲ್ಲ, ಅದು ಯುರೋಪಿನವರಿಗಿಂತ ಇನ್ನೂರೈವತ್ತು ವರ್ಷದಷ್ಟು ಮೊದಲೇ ಇಲ್ಲಿ ಗೊತ್ತಿತ್ತು. ಅದು ಯಾಕೆ ಸರಿ ಅನ್ನುವ ಸಾಧನೆಯನ್ನು 16ನೇ ಶತಮಾನದಲ್ಲಿ ಮಲಯಾಳದಲ್ಲೇ ಬರೆದಿಟ್ಟಿದ್ದಾರೆ. ನಾನು ಅಷ್ಟು ವರ್ಷ ಕ್ಲಾಸಿನಲ್ಲಿ ಅದನ್ನು ಯುರೋಪಿನ ಗಣಿತಜ್ಞನ ಹೆಸರಿನಲ್ಲಿ ಲೈಬ್ನಿಟ್ಸ್ ಸರಣಿ ಅಂತಲೇ ಹೇಳಿಕೊಂಡು ಬಂದವನು. ಕೊಚ್ಚಿಯಿಂದ ರಾತ್ರಿ ರೈಲಿನಲ್ಲಿ ವಾಪಸು ಬರುವಾಗ ಸ್ವಲ್ಪ ನಾಚಿಕೆ ಆಯಿತು.

ಹಾಗಂತ ಜಾಸ್ತಿ ಹೊಗಳುವುದೂ ಬೇಡ. ಅನೀಶ್ ಕಪೂರ್ ಅಲ್ಲಿ ನೆಲದಲ್ಲಿ ಒಂದು ನೀರಿನ ಸುಳಿ ಮಾಡಿದ್ದರು, ಗರಗರ ತಿರುಗುತ್ತಾ ಒಳಗೆ ಇಳಿಯುವುದು. ಕಾಲು ಗಂಟೆ ನಿಂತು ನೋಡಿದೆ. ಅದರಿಂದ ಮಾಧವನ ಸರಣಿಗೆ ಒಂದು ಪದವೂ ಸೇರಲಿಲ್ಲ. ಸೇರಿದ್ದು ನನ್ನ ಕ್ಲಾಸಿಗೆ. ಆಮೇಲೆ ಮಕ್ಕಳಿಗೆ ಮಾಧವನ ಹೆಸರು ಹೇಳಿಯೇ ಕಲಿಸಿದೆ.

ಅಡಿಕೆ ಕೊಳೆರೋಗ:

ಮಾರಾಯ್ರೆ, ಬಿನಾಲೆ ನೋಡಿದವರು ಕಾಸರಗೋಡಿನಲ್ಲಿ ಎಷ್ಟು ಜನ? ಇಲ್ಲಿ ಮಾರ್ಚ್ ಬಂದರೆ ತೋಟಕ್ಕೆ ನೀರಿಲ್ಲ, ಎಲ್ಲರೂ ಬೋರ್‌ವೆಲ್ ಹಿಂದೆ. ಸುರಂಗ ಉಳಿಸುವುದಾದರೆ ಗುದ್ದಲಿ ಹಿಡಿಯಲಿ, ಬಟ್ಟೆ ಕಟ್ಟುವುದೆಂತಕ್ಕೆ? ದೊಡ್ಡಪ್ಪ ಹೇಳಿದ್ದು ನೂರಕ್ಕೆ ನೂರು ಸರಿ.

ಪಿಕ್ಕಾಸು:

ನನ್ನ ಅಜ್ಜ ಸುರಂಗ ತೋಡುವ ಕೆಲಸ ಮಾಡುತ್ತಿದ್ದರು. ಹಾಗಾಗಿ ಈ ಥ್ರೆಡ್ ನೋಡಿ ಸುಮ್ನೆ ಹೋಗಲು ಮನಸ್ಸಾಗಲಿಲ್ಲ.

ಅಜ್ಜ ಒಳಗೆ ಹೋಗುವಾಗ ಕೈಯಲ್ಲಿ ಪಿಕ್ಕಾಸು, ಇನ್ನೊಂದು ಕೈಯಲ್ಲಿ ಮೇಣದಬತ್ತಿ. ಬತ್ತಿ ಬೆಳಕಿಗೆ ಮಾತ್ರ ಅಲ್ಲ. ಉರಿ ಸಣ್ಣಗಾಗುತ್ತಾ ಬಂದರೆ ಉಸಿರಿಗೆ ಗಾಳಿ ಸಾಲುವುದಿಲ್ಲ, ಹೊರಗೆ ಬಾ ಅಂತ ಅರ್ಥ. ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದರು. ಮಣ್ಣು ಚಿವುಟಿ ಮೂಸುತ್ತಿದ್ದರು. ಮುರಕಲ್ಲು ಮುಗಿದು ಜೇಡಿ ಸಿಕ್ಕಿದರೆ ಪೆಟ್ಟಿನ ಸದ್ದೇ ಬೇರೆ ಅನ್ನುತ್ತಿದ್ದರು. ಅಡಿಗಳಲ್ಲಿ ಲೆಕ್ಕವೇ ಇಲ್ಲ, ಎಲ್ಲ ಕೋಲಿನಲ್ಲಿ. ಕೂಲಿಯೂ ಕೋಲಿಗೆ ಇಷ್ಟು ಅಂತ. ಅವರು ತೋಡಿದ ಸುರಂಗದಿಂದ ಇವತ್ತೂ ಮೂರು ಮನೆಗೆ ನೀರು ಬರುತ್ತದೆ. ಮೊದಲು ಅಡಿಕೆ ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ. ಆ ಮೂರು ಮನೆಯವರಿಗೂ ಅಜ್ಜನ ಹೆಸರು ಗೊತ್ತಿಲ್ಲ.

ಈಗ ನಿಮ್ಮ ವಿಷಯಕ್ಕೆ. ಚೀನಾದ ಐ ವೇವೇ 2010ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಪಿಂಗಾಣಿಯ ಸೂರ್ಯಕಾಂತಿ ಬೀಜ ಹಾಸಿದ್ದರು, ಸುಮಾರು 10 ಕೋಟಿ. ಜಿಂಗ್‌ಡೆಝೆನ್ ಅನ್ನುವ ಪಿಂಗಾಣಿ ಪಟ್ಟಣದ ಸುಮಾರು 1,600 ಜನ ಕೂತು ಒಂದೊಂದು ಬೀಜಕ್ಕೂ ಕೈಯಲ್ಲೇ ಗೆರೆ ಎಳೆದದ್ದು. ಜನ ಅದರ ಮೇಲೆ ನಡೆದಾಡಿದಾಗ ಪಿಂಗಾಣಿ ಧೂಳು ಎದ್ದಿತು, ಆರೋಗ್ಯಕ್ಕೆ ಕೆಟ್ಟದು ಅಂತ ಕೆಲವೇ ದಿನದಲ್ಲಿ ನಡೆಯುವುದನ್ನು ನಿಲ್ಲಿಸಿದರು. ನನಗೆ ಕೃತಿಯ ಮೇಲೆ ಸಿಟ್ಟಿಲ್ಲ. ಕೈಕೆಲಸದ ಜ್ಞಾನ ಎಷ್ಟು ದೊಡ್ಡದು ಅಂತ ಅದರಷ್ಟು ಜೋರಾಗಿ ಹೇಳಿದ್ದು ಕಡಿಮೆ. ಆದರೂ 1,600 ಜನರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ, ನಿಮಗೆ ಗೊತ್ತುಂಟಾ?

ಹಾಗಾಗಿ ನೇರ ಕೇಳುತ್ತೇನೆ, ಬೇಸರ ಮಾಡಬೇಡಿ. ನಿಮ್ಮ ತೋಟದ ಸುರಂಗ ತೋಡಿದ್ದು ಯಾರು? ನಿಮ್ಮ ಇಪ್ಪತ್ತು ಅಡಿಯ ಬಟ್ಟೆಯ ದಾರಿಯಲ್ಲಿ ಅವರಿಗೆ ಗೊತ್ತಿದ್ದದ್ದು ಏನು ಉಂಟು? ಕತ್ತಲೆ ಒಂದೇ ಆದರೆ ಅದು ಸಿನಿಮಾ ಥಿಯೇಟರಿನಲ್ಲೂ ಸಿಗುತ್ತದೆ.

ಮಂಜೇಶ್ವರ, ಈಗ ಒಸಾಕಾ:

ಪಿಕ್ಕಾಸು ಅವರ ಪ್ರಶ್ನೆ ಖಾರ ಆಯಿತು, ಆದರೆ ಬೇಕಾದದ್ದೇ.

ನಾನು ಒಂದು ಜಾಗ ಹೇಳುತ್ತೇನೆ. ಜಪಾನಿನ ನೀಗಾತಾ ಕಡೆಯ ಎಚಿಗೊ ತ್ಸುಮಾರಿ. ಗುಡ್ಡದ ಮೇಲೆ ಮೆಟ್ಟಿಲು ಗದ್ದೆ, ಚಳಿಗಾಲದಲ್ಲಿ ಆಳೆತ್ತರದ ಹಿಮ. ಹುಡುಗರೆಲ್ಲ ಪೇಟೆಗೆ ಹೋಗಿ ಮನೆಗಳು ಖಾಲಿ. ಅಲ್ಲಿ 2000ದಿಂದ ಮೂರು ವರ್ಷಕ್ಕೊಮ್ಮೆ ಕಲಾ ಉತ್ಸವ ನಡೆಯುತ್ತಿದೆ. ಗ್ಯಾಲರಿಯಲ್ಲಿ ಅಲ್ಲ, ಖಾಲಿ ಮನೆಯಲ್ಲಿ, ಮುಚ್ಚಿದ ಶಾಲೆಯಲ್ಲಿ, ಗದ್ದೆಯಲ್ಲಿ. ಕಲಾವಿದರಾದ ಕಬಕೋವ್ ದಂಪತಿ ಅಲ್ಲಿ ಗದ್ದೆ ಮೆಟ್ಟಿಲುಗಳ ಮೇಲೆ ಉಳುವ, ನೆಡುವ, ಕೊಯ್ಯುವ ಆಕೃತಿಗಳನ್ನು ನಿಲ್ಲಿಸಿದ್ದಾರೆ. ನಾನು ಹೋದಾಗ ಒಬ್ಬ ಅಜ್ಜಿ ನನ್ನನ್ನು ನಿಲ್ಲಿಸಿ ಕಲಾಕೃತಿ ಬಗ್ಗೆ ಒಂದು ಮಾತು ಹೇಳಿದರು, ಅವರ ಗದ್ದೆಗೆ ನೀರು ಎಲ್ಲಿಂದ ಬರುತ್ತದೆ ಅಂತ ಅರ್ಧ ಗಂಟೆ ಹೇಳಿದರು. ಅರ್ಧವೇ ಅರ್ಥ ಆಯಿತು, ನನ್ನ ಜಪಾನೀಸ್ ಅಷ್ಟೇ.

ಇಂಡೊನೇಷ್ಯಾದ ರುವಾಂಗ್ರುಪ ಅನ್ನುವ ಕಲಾವಿದರ ಗುಂಪನ್ನೂ ನೋಡಿ. 2022ರಲ್ಲಿ ಜರ್ಮನಿಯ ದೊಡ್ಡ ಪ್ರದರ್ಶನ ಡಾಕ್ಯುಮೆಂಟಾ ನಡೆಸಲು ಅವರನ್ನು ಕರೆದಾಗ ಅವರು ಇಟ್ಟುಕೊಂಡ ಮಾತು ಲುಂಬುಂಗ್. ಅಂದರೆ ಭತ್ತದ ಕಣಜ, ಊರವರೆಲ್ಲ ಮಿಕ್ಕಿದ್ದನ್ನು ಹಾಕಿಡುವುದು. ದುಡ್ಡು, ತೀರ್ಮಾನ ಎಲ್ಲ ಹಂಚಿಕೊಂಡು ಮಾಡುವುದು ಹೇಗೆ ಅಂತ ಪ್ರಯತ್ನಪಟ್ಟರು. ಅಲ್ಲಿ ಬೇರೆ ದೊಡ್ಡ ಗಲಾಟೆಯೂ ಆಯಿತು, ಅದು ಬೇರೆ ಕಥೆ. ನನಗೆ ಇಷ್ಟವಾದದ್ದು ಅವರು ಹೊಸತನ ಅಂದದ್ದು ಯಂತ್ರವನ್ನಲ್ಲ, ಕಣಜವನ್ನು.

ನೀವು ಗ್ಯಾಲರಿಯವರನ್ನೇ ಗುಡ್ಡಕ್ಕೆ ಕರೆದುಕೊಂಡು ಹೋಗಬಾರದಾ?

ಬೆಳ್ಳೂರಿನವಳು:

ಎಲ್ಲರಿಗೂ ಥ್ಯಾಂಕ್ಸ್. ಪಿಕ್ಕಾಸು ಅವರ ಮಾತು ಓದಿ ಒಂದು ದಿನ ಉತ್ತರ ಬರೆಯಲು ಆಗಲಿಲ್ಲ. ಶುಕ್ರವಾರ ಮನೆಗೆ ಬಂದೆ. ತೋಡಿದವರು ಇಬ್ಬರಂತೆ, ಒಬ್ಬರು ತೀರಿಹೋಗಿದ್ದಾರೆ, ಇನ್ನೊಬ್ಬರು ಎರಡು ಗುಡ್ಡ ಆಚೆ ಇದ್ದಾರೆ. ಈಗ ಎಂಬತ್ತು ದಾಟಿದೆ. ಅವರ ಮನೆಗೆ ಹೋಗಿ ಮಾತಾಡಿಸಿ ಬಂದೆ. ನಮ್ಮ ಸುರಂಗ ಎಷ್ಟು ಉದ್ದ ಅಂತ ಕೇಳಿದೆ. ನಲವತ್ತೆರಡು ಕೋಲು ಅಂದರು, ಯೋಚನೆ ಕೂಡ ಮಾಡಲಿಲ್ಲ. ಆಮೇಲೆ, "ಎಡದ್ದನ್ನು ಸೇರಿಸಿದರೆ ಐವತ್ತು" ಅಂದರು.

ನಮ್ಮ ಮನೆಯಲ್ಲಿ ಯಾರಿಗೂ ಎಡದ್ದು ಅಂತ ಒಂದು ಉಂಟು ಅನ್ನುವುದೇ ಗೊತ್ತಿಲ್ಲ! ದೊಡ್ಡಪ್ಪನಿಗೂ. ನಾನೂ ದೊಡ್ಡಪ್ಪನೂ ಟಾರ್ಚು, ಟೇಪು ಹಿಡಿದು ಹೋದೆವು. ಇಪ್ಪತ್ತೈದು ಕೋಲಿನ ಹತ್ತಿರ ಎಡಗೋಡೆಯಲ್ಲಿ ಮಣ್ಣು ಕುಸಿದು ನಿಂತಿದೆ. ಅದರ ಬುಡದಿಂದ ನೀರು ಒಸರುತ್ತಿದೆ, ಬೇರೆ ಕಡೆಗಿಂತ ಜಾಸ್ತಿ. ದೊಡ್ಡಪ್ಪ ಅಲ್ಲೇ ಕೂತುಬಿಟ್ಟರು.

ಬಟ್ಟೆಯ ದಾರಿ ಸದ್ಯಕ್ಕೆ ಕೈಬಿಟ್ಟಿದ್ದೇನೆ. ಆ ಅಜ್ಜನ ಕೈಯಲ್ಲಿ ಸುರಂಗದ ನಕ್ಷೆ ಬರೆಸಬೇಕು, ಗೋಡೆಯಷ್ಟು ದೊಡ್ಡದು, ಅವರ ಹೆಸರಿನಲ್ಲೇ. ಗೈಡ್ ಒಪ್ಪುತ್ತಾರೋ ಇಲ್ಲವೋ. ದೊಡ್ಡಪ್ಪ ಈಗ ಮಾರ್ಕಿನ ಮಾತೇ ಎತ್ತುತ್ತಿಲ್ಲ, ಆ ಮಣ್ಣು ಯಾವಾಗ ತೆಗೆಯುವುದು ಅಂತ ಮಾತ್ರ ಕೇಳುತ್ತಿದ್ದಾರೆ.

ಪಿಕ್ಕಾಸು:

ಕುಸಿದ ಕಡೆ ನೀವಿಬ್ಬರೇ ಕೈ ಹಾಕಬೇಡಿ. ಹಿಂದೆ ನೀರು ಕಟ್ಟಿ ನಿಂತಿದ್ದರೆ ಒಟ್ಟಿಗೆ ನುಗ್ಗುತ್ತದೆ. ಆ ಅಜ್ಜನನ್ನು ಕೇಳದೆ ಒಂದು ಬುಟ್ಟಿ ಮಣ್ಣೂ ತೆಗೆಯಬೇಡಿ. ನಾನು ಮುಂದಿನ ಶನಿವಾರ ಊರಿಗೆ ಬರುತ್ತೇನೆ, ಬೇಕಾದರೆ ಜೊತೆಗೆ ಬರುತ್ತೇನೆ. ಟಾರ್ಚು ಸಾಲುವುದಿಲ್ಲ, ಮೇಣದಬತ್ತಿ ತೆಗೆದಿಡಿ.