ಹಳೇ ಯುನಿಕ್ಸ್‌ನಲ್ಲೂ ಓಡುವ ಸಿ ಕೋಡ್: ನಿಮ್ಮ ಅನುಭವ ಹೇಳ್ತೀರಾ?

ಪ್ರಶ್ನೆ: ಲಿನಕ್ಸ್‌ನಲ್ಲಿ ಬರೆದ ಒಂದು ಸಿ ಪ್ರೋಗ್ರಾಂ ಅನ್ನು ಈಗ ಎಐಎಕ್ಸ್, ಸೋಲಾರಿಸ್ ಎಂಬ ಯುನಿಕ್ಸ್ ಮಷೀನುಗಳಲ್ಲೂ ಓಡಿಸಬೇಕಾಗಿದೆ. ಅಲ್ಲಿನ ಹಳೇ ಕಂಪೈಲರ್‌ಗಳಿಗೆ ಸಿ99 (ಸಿ ಭಾಷೆಯ 1999ರ ಮಾನಕ) ಗೊತ್ತಿಲ್ಲ. ಮೊದಲು ಏನು ನೋಡಿಕೊಳ್ಳಲಿ? ಈ ಪಾಡು ಪಟ್ಟವರು ಹೇಳಿ.

ಉತ್ತರ 1: ಕಂಪೈಲ್ ಆಗದಿದ್ದರೆ ಹೆದರಬೇಡಿ, ಆ ತಪ್ಪು ಕಣ್ಣೆದುರೇ ಇರುತ್ತದೆ. ಎರಡು ಸ್ಲ್ಯಾಶ್ ಕಾಮೆಂಟ್, ಬ್ಲಾಕಿನ ನಡುವೆ ವೇರಿಯಬಲ್ ಡಿಕ್ಲೇರ್ ಮಾಡುವುದು, ಇವೆಲ್ಲ ಸಿ89ರಲ್ಲಿ, ಅಂದರೆ 1989ರ ಮಾನಕದಲ್ಲಿ, ಇಲ್ಲ. ಲಿನಕ್ಸ್‌ನ ಜಿಸಿಸಿ ಕಂಪೈಲರನ್ನು ಸಿ89 ಮೋಡ್‌ಗೆ ಹಾಕಿ, ಜೊತೆಗೆ ಮಾನಕ ಮೀರಿದ್ದಕ್ಕೆ ಎಚ್ಚರಿಸುವ ಪೆಡಾಂಟಿಕ್ ಆಪ್ಷನ್ ಕೊಡಿ. ಇಂಥವು ನಿಮ್ಮ ಲಿನಕ್ಸ್‌ನಲ್ಲೇ ಸಿಕ್ಕಿಬೀಳುತ್ತವೆ.

ಕಂಪೈಲ್ ಆಗಿ, ಆಮೇಲೆ ಕೈಕೊಡುವುದೇ ನಿಜವಾದ ತಲೆನೋವು. ಫೈಲ್ ಓದುವ ಲೂಪಿನಲ್ಲಿ ನಾನು ಗೆಟ್‌ಸಿ (ಒಂದೊಂದೇ ಅಕ್ಷರ ಓದುವ ಫಂಕ್ಷನ್) ಕೊಟ್ಟದ್ದನ್ನು ಒಂದು ಬೈಟಿನ ಚಾರ್‌ನಲ್ಲಿ ಇಟ್ಟು, ಇಒಎಫ್ (ಫೈಲ್ ಮುಗಿಯಿತು ಎನ್ನುವ ಮೈನಸ್ 1) ಬಂತಾ ಅಂತ ನೋಡುತ್ತಿದ್ದೆ. ಇಂಟೆಲ್ ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ಓಡಿತ್ತು. ಎಐಎಕ್ಸ್‌ಗೆ ಹಾಕಿದೆ, ಪ್ರೋಗ್ರಾಂ ನಿಲ್ಲಲೇ ಇಲ್ಲ. ಎರಡು ದಿನ ಸುಮ್ನೆ ಡಿಸ್ಕ್ ಮೇಲೆ ಅನುಮಾನಪಟ್ಟೆ! ವಿಷಯ ಇಷ್ಟೇ: ಅಲ್ಲಿ ಬರೀ ಚಾರ್ ಅಂದರೆ ಅನ್‌ಸೈನ್ಡ್, ಮೈನಸ್ ಸಂಖ್ಯೆ ಹಿಡಿಯುವುದಿಲ್ಲ. ಮೈನಸ್ 1 ಹೋಗಿ 255 ಆಗುತ್ತದೆ, ಅದು ಯಾವತ್ತೂ ಇಒಎಫ್‌ಗೆ ಸಮವಾಗುವುದಿಲ್ಲ. ಚಾರ್ ತೆಗೆದು ಇಂಟ್ ಮಾಡಿದೆ, ಸರಿಹೋಯಿತು. ಎಐಎಕ್ಸ್‌ನ ತಪ್ಪೇನಿಲ್ಲ. ಫೈಲಿನಲ್ಲಿ 255ರ ಬೈಟ್ ಇದ್ದಿದ್ದರೆ ಅದು ಮೈನಸ್ 1 ಆಗಿ ಇಂಟೆಲ್‌ನಲ್ಲೂ ಓದುವುದು ಅರ್ಧಕ್ಕೇ ನಿಂತುಬಿಡುತ್ತಿತ್ತು. ಚಾರ್ ಅನ್ನು ಅನ್‌ಸೈನ್ಡ್ ಮಾಡುವ ಆಪ್ಷನ್ ಜಿಸಿಸಿಯಲ್ಲಿದೆ, ಒಮ್ಮೆ ಅದನ್ನು ಹಾಕಿ ಟೆಸ್ಟ್ ಮಾಡಿ.

ಉತ್ತರ 2: ಸೋಲಾರಿಸ್ ಸ್ಪಾರ್ಕ್ ಪ್ರೊಸೆಸರ್ ಮೇಲಿದೆಯಾ? ಹಾಗಿದ್ದರೆ ಬಸ್ ಎರರ್‌ಗೆ ತಯಾರಾಗಿ. ನಾನು ಚಾರ್ ಬಫರಿನ ಮಧ್ಯದಿಂದ ಇಂಟ್ ಪಾಯಿಂಟರ್ ಹಾಕಿ ಓದುತ್ತಿದ್ದೆ. ಇಂಟೆಲ್ ಸಹಿಸಿಕೊಳ್ಳುತ್ತದೆ. ಸ್ಪಾರ್ಕ್‌ನಲ್ಲಿ ಅಡ್ರೆಸ್ 4ರಿಂದ ಭಾಗವಾಗದಿದ್ದರೆ ಅಲ್ಲೇ ಸಾಯುತ್ತದೆ. ಬೈಟ್‌ಗಳನ್ನು ನಕಲಿಸುವ ಮೆಮ್‌ಕಾಪಿ ಬಳಸಿ. ಬೈಟ್‌ಗಳ ಕ್ರಮವೂ ಅಲ್ಲಿ ಉಲ್ಟಾ. ಇನ್ನೊಂದು: ಪ್ರಿಂಟ್‌ಎಫ್‌ನಲ್ಲಿ ಸ್ಟ್ರಿಂಗ್ ಬರೆಯುವ ಪರ್ಸೆಂಟ್ ಎಸ್‌ಗೆ ನಲ್ (ಖಾಲಿ) ಪಾಯಿಂಟರ್ ಕೊಟ್ಟರೆ ಲಿನಕ್ಸ್ ಪಾಪ ನಲ್ ಅಂತಲೇ ಬರೆದು ಮುಂದೆ ಹೋಗುತ್ತದೆ. ಹಳೇ ಸೋಲಾರಿಸ್‌ನಲ್ಲಿ ಪ್ರೋಗ್ರಾಂ ಬೀಳುತ್ತದೆ.

ಉತ್ತರ 3: ಸಾಕೆಟ್ ಬಳಸಿದ್ದರೆ ಹಳೇ ಸೋಲಾರಿಸ್‌ನಲ್ಲಿ ಲಿಂಕ್ ಮಾಡುವಾಗ ಸಾಕೆಟ್, ಎನ್‌ಎಸ್‌ಎಲ್ ಲೈಬ್ರರಿ ಎರಡನ್ನೂ ಸೇರಿಸಬೇಕು. ಮತ್ತೆ, ಕೋಡ್ ತುಂಬಾ 'ಎಐಎಕ್ಸ್ ಆದರೆ ಹೀಗೆ, ಸೋಲಾರಿಸ್ ಆದರೆ ಹಾಗೆ' ಅಂತ ಇಫ್‌ಡೆಫ್ ಷರತ್ತು ತುರುಕಬೇಡಿ. ಸಿಸ್ಟಂ ಹೆಸರು ಯಾಕೆ ಬೇಕು? ನಿಮಗೆ ಬೇಕಾದ ಸ್ಟ್ರಿಂಗ್ ಫಂಕ್ಷನ್ ಇದೆಯೋ ಇಲ್ಲವೋ ಅಂತ ಆಟೋಕಾನ್ಫ್‌ನಿಂದ (ಸಿಸ್ಟಂನಲ್ಲಿ ಏನಿದೆ ಅಂತ ಪರೀಕ್ಷಿಸುವ ಟೂಲ್) ಕೇಳಿಸಿ, ಇಲ್ಲದಿದ್ದರೆ ನಿಮ್ಮದೇ ಒಂದು ಬರೆದಿಡಿ.

ಉತ್ತರ 1: ಆಟೋಕಾನ್ಫ್ ನಾಲ್ಕು ಫೈಲಿನ ಪ್ರೋಗ್ರಾಂಗೆ ಜಾಸ್ತಿ ಆಯ್ತು, ಅಲ್ವಾ? ಆ ವ್ಯತ್ಯಾಸಗಳನ್ನೆಲ್ಲ ಒಂದೇ ಹೆಡರ್ ಫೈಲಿನಲ್ಲಿ ಕೂಡಿಹಾಕಿದರೂ ನಡೆಯುತ್ತದೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಗೆಟ್‌ಸಿ ಇರುವ ಜಾಗವೆಲ್ಲ ಹುಡುಕಿದೆ. ಮೂರು ಕಡೆ ಚಾರ್ ಸಿಕ್ಕಿತು, ಎರಡು ನಾನೇ ಬರೆದದ್ದು.